ಚಪ್ಪಾಳೆಯನ್ನು ನಂಬಬೇಡಿ

ಕಿವಿ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬೀದರಿನ ನಮ್ಮ ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳ್ರಿ" ಎನ್ನುತ್ತಾರೆ. ಹೇಳುವ ಮೊದಲು ಅವರ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಡಿಸುತ್ತೇನೆ. ನಾನು ಆಡಿದ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಬೇಕು. ನನ್ನ ಸ್ವಭಾವವೇ ಹಾಗೆ. ಬದನೆಕಾಯಿ ಕೊಂಡರೆ ಒಂದೊಂದನ್ನೂ ತಿರುಗಿಸಿ ತೂತು ಹುಡುಕುತ್ತೇನೆ. ಭಾನುವಾರ ಚರ್ಚಿನಲ್ಲಿ ಹಾಡುವಾಗ ಪಕ್ಕದವರು ನಿಜಕ್ಕೂ ಹಾಡುತ್ತಿದ್ದಾರೋ, ಬರೀ ತುಟಿ ಆಡಿಸುತ್ತಿದ್ದಾರೋ ಎಂದು ಕಿವಿಗೊಡುತ್ತೇನೆ. ನಮ್ಮ ತಾಯಿ ನರ್ಸ್ ಆಗಿದ್ದವಳು. "ರೋಗಿ ಗುಳಗಿ ನುಂಗೀನಿ ಅಂದ್ರ ನಂಬಬ್ಯಾಡ, ಬಾಯಿ ತೆಗಿಸಿ ನೋಡು" ಎಂದು ಹೇಳಿಯೇ ನಮ್ಮನ್ನು ಬೆಳೆಸಿದಳು. ನಾನು ಇನ್ನು ಹೇಗಾದೇನು?

ಬೀದರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುವುದು, ಕೇಳದ ಮಕ್ಕಳಿಗೆ ಕೇಳುವುದನ್ನೂ ಮಾತನ್ನೂ ಕಲಿಸುವುದು ನನ್ನ ಕೆಲಸವಾಗಿತ್ತು. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆ ದಿನ ಶಾಲು ಹೊದಿಸಿದ್ದು, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲು ಚಳಿಗಾಲದಲ್ಲಿ ಉಪಯೋಗಕ್ಕೆ ಬರುತ್ತಿದೆ, ಅದರ ಸುದ್ದಿ ಅಷ್ಟೇ.

ನನಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಡಾಕ್ಟರು. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಓದಿದವರು, ಸಿಡುಕು ಮನುಷ್ಯ, ಚಹಾ ಆರಿದರೆ ಕಪ್ಪಿನ ಮೇಲೂ ಸಿಟ್ಟು ಮಾಡುವವರು. ನಾನು ಸೇರಿದ ಹೊಸದರಲ್ಲಿ ಬಗದಲ್ ಕಡೆಯ ಒಬ್ಬ ಹುಡುಗನನ್ನು ಕರೆತಂದಿದ್ದರು. ಆಗ ನಮ್ಮ ಹತ್ತಿರ ದೊಡ್ಡ ಯಂತ್ರಗಳಿರಲಿಲ್ಲ. ಮಗುವಿನ ಹಿಂದೆ ನಿಂತು ಚಪ್ಪಾಳೆ ಹೊಡೆಯುವುದು, ಸ್ಟೀಲ್ ತಾಟು ಬಾರಿಸುವುದು, ಇದೇ ಪರೀಕ್ಷೆ. ನಾನು ಚಪ್ಪಾಳೆ ಹೊಡೆದೆ, ಹುಡುಗ ತಿರುಗಿದ. "ಕೇಳ್ತದ್ರಿ ಸಾಹೇಬ್ರ" ಎಂದೆ, ದೊಡ್ಡ ಕೆಲಸ ಮಾಡಿದವಳ ಹಾಗೆ.

ಸಾಹೇಬರು ಎದ್ದು ಬಂದರು. "ಈಗ ಚಪ್ಪಾಳಿ ಹೊಡೀಬ್ಯಾಡ. ಬರೇ ಕೈ ಎತ್ತು" ಎಂದರು.

ಎತ್ತಿದೆ. ಹುಡುಗ ಮತ್ತೆ ತಿರುಗಿದ.

"ಈಗೇನು ಕೇಳ್ತು ಇವನಿಗಿ? ಬೋಲ್!"

ನಾನು ಸುತ್ತ ನೋಡಿದೆ. ನನ್ನ ಬೆನ್ನ ಹಿಂದೆ ಕಿಟಕಿ ಇತ್ತು. ಎತ್ತಿದ ಕೈಯ ನೆರಳು ಹುಡುಗನ ಎದುರಿನ ಗೋಡೆಯ ಮೇಲೆ ಬಿದ್ದಿತ್ತು. ಅವನು ತಿರುಗಿದ್ದು ನೆರಳಿಗೆ. ಸಾಹೇಬರು ಅವತ್ತು ಮೂರು ಮಾತು ಕಲಿಸಿದರು: ನೆರಳು, ಗಾಳಿ, ತೊಡೆ. ನೆರಳು ಆಯಿತಲ್ಲ. ಗಾಳಿ ಎಂದರೆ, ಹತ್ತಿರದಲ್ಲಿ ಚಪ್ಪಾಳೆ ಹೊಡೆದರೆ ಕತ್ತಿಗೆ ಗಾಳಿ ಬಡಿಯುತ್ತದೆ, ಕೂಸು ಅದಕ್ಕೆ ತಿರುಗುತ್ತದೆ. ತೊಡೆ ಎಂದರೆ ತಾಯಿಯ ತೊಡೆ. ಸಪ್ಪಳವಾದ ಕೂಡಲೇ ತಾಯಿಯ ಮೈ ಬೆಚ್ಚುತ್ತದೆ, ತೊಡೆಯ ಮೇಲೆ ಕೂತ ಕೂಸಿಗೆ ಅದು ತಿಳಿಯುತ್ತದೆ, ಕೂಸು ಸುತ್ತ ನೋಡುತ್ತದೆ. ಎಲ್ಲರೂ "ಕೇಳ್ತು ಕೇಳ್ತು" ಎಂದು ಕುಣಿಯುತ್ತಾರೆ. "ಈ ಮೂರೂ ತೆಗೆದು ನೋಡು. ಆಮ್ಯಾಲೆ ಸೈತ ಒಮ್ಮಿಗೆ ನಂಬಬ್ಯಾಡ" ಎಂದರು ಸಾಹೇಬರು. ನನ್ನ ಇಡೀ ನೌಕರಿ ಈ ಮಾತಿನ ಮೇಲೆ ನಡೆದಿದೆ.

ಆಮೇಲೆ ಯಂತ್ರ ಬಂತು. ಮಗುವಿಗೆ ನಿದ್ದೆಯ ಔಷಧ ಕೊಟ್ಟು, ತಲೆಗೆ ವೈರು ಅಂಟಿಸಿ, ಕಿವಿಗೆ ಸದ್ದು ಬಿಟ್ಟರೆ ಪರದೆಯ ಮೇಲೆ ಗೆರೆ ಬರುತ್ತದೆ. ನಮ್ಮ ಹುಡುಗರು ಆ ಗೆರೆಗೆ ಕೈ ಮುಗಿಯುವುದೊಂದು ಬಾಕಿ. ನಾನು ಅದನ್ನೂ ನಂಬಲಿಲ್ಲ. ಒಂದು ಕೂಸಿಗೆ ಏನೂ ಕೇಳುವುದಿಲ್ಲ ಎಂದು ಯಂತ್ರ ಹೇಳಿತು. ಟಾರ್ಚ್ ಹಾಕಿ ಕಿವಿಯೊಳಗೆ ನೋಡಿದರೆ ಗುಗ್ಗೆ ಕಲ್ಲಾಗಿ ಕೂತಿತ್ತು. ತೆಗೆದ ಮೇಲೆ ಅದೇ ಕೂಸು ನನ್ನ ಬಳೆ ಸದ್ದಿಗೆ ಕಣ್ಣು ಬಿಟ್ಟಿತು. ಆದ್ದರಿಂದ ಹೇಳುತ್ತೇನೆ, ಯಂತ್ರ ಹಚ್ಚುವ ಮೊದಲು ಕಿವಿಯೊಳಗೆ ಒಮ್ಮೆ ಇಣುಕಿ ನೋಡಿ.

ಇನ್ನು ಮಂದಿ. ಮಂದಿಯನ್ನಂತೂ ನಂಬಲೇಬೇಡಿ. ಭಾಲ್ಕಿಯಲ್ಲಿ ಒಂದು ಶಿಬಿರದಲ್ಲಿ ಕಿವಿಗೆ ಹಾಕುವ ಮಷೀನು ಕೊಟ್ಟಿದ್ದೆವು. ಮುಂದಿನ ಸಲ ಹೋದಾಗ ಒಬ್ಬ ಮುದುಕ ಅದನ್ನು ಹಾಕಿಕೊಂಡೇ ಬಂದು, "ಭಾಳ ಛಲೋ ಕೇಳಸ್ತದ್ರಿ" ಎಂದ. ನನಗೆ ಶಕ್ ಬಂತು. ತೆಗೆದು ನೋಡಿದರೆ ಒಳಗೆ ಬ್ಯಾಟರಿಯೇ ಇಲ್ಲ.

"ಅಜ್ಜಾ, ಇದರಾಗ ಜೀವಾನೇ ಇಲ್ಲಲ್ಲ! ಹ್ಯಾಂಗ ಕೇಳ್ತದ?"

"ಅದು ಹಾಕ್ಕೊಂಡ್ರ ಮಂದಿ ಗಟ್ಟಿಯಾಗಿ ಮಾತಾಡ್ತಾರ್ರಿ ಮೇಡಂ. ಮದಲ ಯಾರೂ ಆಡ್ತಿದ್ದಿಲ್ಲ. ಬ್ಯಾಟರಿ ಯಾಕ ಬೇಕು?"

ಅವನ ಮಾತಿಗೆ ಏನು ಹೇಳುವುದು? ನಕ್ಕು ಬ್ಯಾಟರಿ ಹಾಕಿ ಕಳಿಸಿದೆ. ಮನೆಗೆ ಹೋಗಿ ತೆಗೆದಿರುತ್ತಾನೆ, ನನಗೆ ಅನುಮಾನವೇ ಇಲ್ಲ.

ಚಿಕ್ಕ ಮಕ್ಕಳ ಮನೆಯವರದು ಇನ್ನೊಂದು ಬಗೆ. "ಅವರಪ್ಪ ಸೈತ ತಡಾನೇ ಮಾತಾಡಿದ್ರಿ" ಎನ್ನುವ ಮಾತು ಕೇಳಿ ಕೇಳಿ ನನ್ನ ಕಿವಿಯೇ ತೂತಾಗಿದೆ. ಎಲ್ಲ ಮಕ್ಕಳ ಅಪ್ಪಂದಿರೂ ತಡವಾಗಿಯೇ ಮಾತಾಡಿದವರು! ಹಾಗೆ ಕಾಯುತ್ತ ಕೂತರೆ ಮಗುವಿನ ಮಾತಿನ ವಯಸ್ಸು ಹೊರಟುಹೋಗುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಕೇಳಿದ್ದೇ ಮಾತಾಗುವುದು. ಆ ವಯಸ್ಸು ದಾಟಿದ ಮೇಲೆ ಕಿವಿ ಕೊಟ್ಟರೂ ಮಾತು ಬರುವುದು ಬಲು ಕಷ್ಟ. ಇದಿಷ್ಟು ತಲೆಯಲ್ಲಿಟ್ಟುಕೊಂಡು ಈಗ ರೂಪಾಳ ಕಥೆ ಕೇಳಿ. ನಾನು ಬರೆಯಲು ಕೂತದ್ದೇ ಅವಳ ಸಲುವಾಗಿ.

ಔರಾದದಲ್ಲಿ ಒಂದು ಶಿಬಿರ ಇತ್ತು. ಶಿಬಿರಕ್ಕೆ ಬಾರದ ಮನೆಗಳಿಗೆ ನಾವೇ ಹೋಗುತ್ತಿದ್ದೆವು. ಊರ ಹೊರಗೆ ಕುರಿ ಸಾಕುವವರ ಒಂದು ಮನೆ. ಮನೆಯ ಹಿರಿಯಳು ತಾರಾಬಾಯಿ, ಕೈತುಂಬ ಹಸಿರು ಬಳೆ, ಎದೆ ಸೆಟೆಸಿ ನಿಲ್ಲುವ ಹೆಂಗಸು. ಅವಳ ಮಗ ಕುರಿ ಹಿಂಡಿನ ಜೊತೆ ಹೆಚ್ಚಾಗಿ ಹೊರಗೇ ಇರುತ್ತಿದ್ದ. ಸೊಸೆ ಸುರೇಖಾ, ಭಾಲ್ಕಿ ತಾಲ್ಲೂಕಿನ ಸಾಯಗಾಂವದಿಂದ ಬಂದವಳು, ಮಾತು ಕಡಿಮೆ. ಮೊಮ್ಮಗಳು ರೂಪಾ, ಎರಡು ದಾಟಿದ್ದಳು, ಒಂದು ಮಾತೂ ಬಂದಿರಲಿಲ್ಲ. ಅಂಗನವಾಡಿಯವರು ಹೇಳಿದ್ದರಿಂದ ನಾವು ಹೋದದ್ದು.

ಆ ಮನೆಯಲ್ಲಿ ಒಂದು ರೂಢಿ. ಕೂಸು ಹುಟ್ಟಿದಾಗ ಅದೇ ಹಂಗಾಮಿನಲ್ಲಿ ಹುಟ್ಟಿದ ಒಂದು ಹೆಣ್ಣು ಮರಿಯನ್ನು ಕೂಸಿನ ಹೆಸರಿಗೆ ಬಿಡುತ್ತಾರೆ. ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ಕೂಸಿನ ಜೊತೆ ಬೆಳೆಯುತ್ತದೆ. ರೂಪಾಳದು ಒಂದು ಕರಿ ಕುರಿ, ಹೆಸರು ಕಾಳಿ. ನಾವು ಹೋದಾಗ ಕುರಿ ಅಂಗಳದಲ್ಲಿ ನಿಂತಿತ್ತು, ಹುಡುಗಿ ಅದರ ಕೊರಳ ಮೇಲೆ ಕೈ ಹಾಕಿ, ಕೆನ್ನೆ ಒತ್ತಿಕೊಂಡು ನಿಂತಿದ್ದಳು.

"ನಮ್ಮ ಪೋರಿಗಿ ಕಿವಿ ಕೇಳಂಗಿಲ್ಲಂತ ಯಾರ್ ಹೇಳಿದ್ರು ನಿಮಗ? ನೋಡ್ರಿ ಈಗ" ಎಂದು ತಾರಾಬಾಯಿ ಹಿಂದೆ ಹೋಗಿ ನಿಂತು ಕೂಗಿದಳು, "ರೂಪಾ!"

ಹುಡುಗಿ ತಿರುಗಿದಳು. ನನ್ನ ಜೊತೆಗಿದ್ದ ಹೊಸ ಹುಡುಗಿಯರು, "ಕೇಳ್ತದಲ್ರಿ ಮೇಡಂ, ಹೋಗೋಣ" ಎಂದರು. ನಾನು ಸುತ್ತ ನೋಡಿದೆ. ಸೂರ್ಯ ಹುಡುಗಿಯ ಎದುರಿಗಿದ್ದ, ಹಿಂದಿನವರ ನೆರಳು ಅವಳಿಗೆ ಕಾಣುವಂತಿಲ್ಲ. ಮುದುಕಿ ದೂರ ಇದ್ದಳು, ಗಾಳಿ ಇಲ್ಲ. ತಾಯಿ ಒಲೆ ಹತ್ತಿರ, ತೊಡೆಯೂ ಇಲ್ಲ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. "ಇನ್ನೊಮ್ಮಿ ಕರೀರಿ" ಎಂದೆ.

ಮತ್ತೆ ಕರೆದಳು. ಈ ಸಲ ನಾನು ಹುಡುಗಿಯನ್ನು ನೋಡಲಿಲ್ಲ, ಕುರಿಯನ್ನು ನೋಡಿದೆ. ಮುದುಕಿಯ ದನಿಗೆ ಮೊದಲು ತಿರುಗಿದ್ದು ಕುರಿ. ಆ ದನಿ ಕೇಳಿದರೆ ಮೇವು ಬರುತ್ತದೆ ಎಂದು ಅದಕ್ಕೆ ಗೊತ್ತು. ಕುರಿಯ ಕೊರಳು ತಿರುಗಿತು, ಕೊರಳ ಮೇಲಿನ ಕೈ ತಿರುಗಿತು, ಕೈಯ ಹಿಂದೆ ಹುಡುಗಿ ತಿರುಗಿದಳು.

"ತಾರಾಬಾಯಿ, ಕುರೀನ ಆಚೆ ಕಟ್ಟರಿ" ಎಂದೆ.

"ಯಾಕ? ನಮ್ಮ ಕುರಿ ನಿಮಗೇನ ಮಾಡ್ಯಾದ?"

"ಸುಮ್ಮ ಕಟ್ಟರಿ, ಒಂದು ಗಳಿಗಿ."

ಗೊಣಗುತ್ತಲೇ ಕಟ್ಟಿ ಬಂದಳು. ಆಮೇಲೆ ಕರೆದಳು. ಇನ್ನೊಮ್ಮೆ ಕರೆದಳು. ತಾಟು ತಂದು ಬಾರಿಸಿದಳು. ಹುಡುಗಿ ನೆಲದ ಮೇಲೆ ಕೂತು ಇರುವೆ ನೋಡುತ್ತಿದ್ದಳು, ಒಮ್ಮೆಯೂ ತಲೆ ಎತ್ತಲಿಲ್ಲ. ತಾರಾಬಾಯಿಯ ಕೈಯಿಂದ ತಾಟು ಜಾರಿತು. ಒಲೆಯ ಮುಂದೆ ಸುರೇಖಾ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ತಾಯಿಗೆ ಗೊತ್ತಿರುತ್ತದೆ. ಹೇಳಲು ಧೈರ್ಯ ಇರಲಿಲ್ಲ, ಏಕೆಂದರೆ ಗ್ರಹಣದಲ್ಲಿ ಬಸುರಿ ಹೊರಗೆ ಬಂದಿದ್ದಳು ಎಂದು ಆಗಲೇ ಓಣಿಯವರು ಗುಸುಗುಸು ಮಾಡಿದ್ದರಂತೆ. "ಗ್ರಹಣಕ್ಕೂ ಕಿವಿಗೂ ಸಂಬಂಧ ಇಲ್ಲ" ಎಂದು ಅಲ್ಲಿಯೇ, ಓಣಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

ಬೀದರಿನಲ್ಲಿ ಯಂತ್ರದ ಪರೀಕ್ಷೆ ಆಯಿತು. ಎರಡೂ ಕಿವಿ ಪೂರ್ತಿ ಕೇಳುವುದಿಲ್ಲ. ಸಾಮಾನ್ಯ ಮಷೀನು ಹಚ್ಚಿ ಕೆಲವು ತಿಂಗಳು ನೋಡಿದೆವು, ಉಪಯೋಗವಾಗಲಿಲ್ಲ. ಉಳಿದದ್ದು ಕಾಕ್ಲಿಯರ್ ಇಂಪ್ಲಾಂಟ್ ಒಂದೇ. ಆಪರೇಷನ್ ಮಾಡಿ ಒಂದು ಭಾಗವನ್ನು ಕಿವಿಯ ಒಳಗೆ ಕೂರಿಸುತ್ತಾರೆ. ಇನ್ನೊಂದು ಭಾಗ ಹೊರಗೆ, ಕಿವಿಯ ಹಿಂದೆ. ಎರಡೂ ಚರ್ಮದ ಆಚೆ ಈಚೆ ಅಯಸ್ಕಾಂತದಿಂದ ಹಿಡಿದುಕೊಳ್ಳುತ್ತವೆ. ಸರ್ಕಾರದ ಯೋಜನೆಯಲ್ಲಿ ಬೆಂಗಳೂರಿನಲ್ಲಿ ಮಾಡಿಸಬಹುದಿತ್ತು, ಆದರೆ ವಯಸ್ಸು ಮೀರುವ ಮೊದಲು ಆಗಬೇಕಿತ್ತು.

ತಾರಾಬಾಯಿ ಬಿಲ್‌ಕುಲ್ ಒಪ್ಪಲಿಲ್ಲ. "ಫುಕ್ಕಟ ಯಾರರೆ ಕೊಡ್ತಾರೇನ್ರಿ? ನಮ್ಮಂಥವರ ಪೋರಿ ಮ್ಯಾಲೆ ಸರ್ಕಾರಕ್ಕ ಯಾಕ ಇಷ್ಟು ಮಾಯಾ? ತಲಿ ಕೊಯ್ದು ಒಳಗ ಏನ ಇಡ್ತಾರೋ, ಯಾರಿಗಿ ಗೊತ್ತು?" ಸಿಡಿಲು ಬಡಿದರೆ ಏನು ಗತಿ, ದೊಡ್ಡವಳಾದ ಮೇಲೆ ಆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲವೇ, ಎಂದೆಲ್ಲ ಕೇಳಿದಳು. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಲೆ ಅಲ್ಲಾಡಿಸಿ ಎಲ್ಲದಕ್ಕೂ ಹೂಂ ಎನ್ನುವವರಿಗಿಂತ ಕೇಳುವವರು ಮೇಲು. ನಾನು ಗೊತ್ತಿದ್ದಷ್ಟು ಹೇಳಿದೆ. ಅವಳು ನನ್ನ ಮುಖ ನೋಡಿ, "ನೀವೂ ಅವರ ಕಡಿಯವರೇ, ಹಿಂಗೇ ಅಂತೀರಿ" ಎಂದಳು. ಅದೂ ಸರಿಯೇ.

ಸುರೇಖಾ ಒಂದು ದಿನ ಒಬ್ಬಳೇ ನನ್ನ ಕೋಣೆಗೆ ಬಂದಳು. ಸಾಯಗಾಂವಕ್ಕೆ ತವರಿಗೆ ಹೋಗುತ್ತೇನೆಂದು ಹೇಳಿ ಬೀದರಿಗೆ ಬಂದಿದ್ದಳು. "ಮೇಡಂ, ನನಗ ಮತ್ತೇನೂ ಬ್ಯಾಡ್ರಿ. ಒಂದ ಸಲ ಅವ್ವಾ ಅಂದ್ರ ಸಾಕು. ಅತ್ತೀಗಿ ನೀವೇ ಹ್ಯಾಂಗರೆ ಮಾಡಿ ಒಪ್ಪಸ್ರಿ" ಎಂದು ಅತ್ತಳು. ಅವಳಿಗೆ ನೀರು ಕೊಟ್ಟೆ. ಆದರೆ ತಾರಾಬಾಯಿಯನ್ನು ಮಾತಿನಿಂದ ಒಪ್ಪಿಸಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾತಿನಿಂದ ನಾನೇ ಒಪ್ಪುವವಳಲ್ಲ.

ಮನ್ನಳ್ಳಿಯಲ್ಲಿ ಇಂಪ್ಲಾಂಟ್ ಆಗಿದ್ದ ಒಬ್ಬ ಹುಡುಗನಿದ್ದ. ತಾರಾಬಾಯಿಯನ್ನು ಕರೆದು, "ಆ ಮನಿಗಿ ಹೋಗ್ರಿ. ನಾ ಬರೂದಿಲ್ಲ. ನಿಮಗ ಹ್ಯಾಂಗ ಬೇಕೋ ಹಂಗ ಪರೀಕ್ಷೆ ಮಾಡ್ರಿ" ಎಂದೆ. ಸುರೇಖಾಳನ್ನು ಕರೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಸುರೇಖಾ ಆಮೇಲೆ ಹೇಳಿದಳು. ಮುದುಕಿ ಮನೆಯೊಳಗೆ ಹೋಗಲಿಲ್ಲ, ಮೊದಲು ಮನೆಯ ಸುತ್ತ ತಿರುಗಿ ಬಂದಳು. ದನ, ಆಡು, ನಾಯಿ ಏನಾದರೂ ಇದೆಯೇ ಎಂದು ನೋಡಿದಳು. ಆಮೇಲೆ ಹಿತ್ತಿಲ ಗೋಡೆಯ ಹಿಂದೆ ನಿಂತು, ನಾಲಿಗೆ ಹೊರಳಿಸಿ ಕುರಿ ಕರೆಯುವ ದನಿ ತೆಗೆದಳು. ಒಳಗಿನಿಂದ ಹುಡುಗ, "ಯಾರದು?" ಎಂದು ಕೂಗಿದನಂತೆ.

ನನ್ನ ಹತ್ತಿರ ಬಂದು ತಾರಾಬಾಯಿ ಹೇಳಿದ್ದು ಇಷ್ಟೇ: "ಆ ಮನ್ಯಾಗ ಕುರಿ ಇಲ್ಲ. ಖರೇನೇ ಕೇಳ್ಯಾದ. ಕಾಗದದ ಮ್ಯಾಲೆ ಎಲ್ಲಿ ಅಂಗಠಾ ಒತ್ತಬೇಕು ತೋರಸ್ರಿ."

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಹೊರಗಿನ ಮಷೀನು ಹಚ್ಚಿ ಮೊದಲ ಸಲ ಚಾಲೂ ಮಾಡುತ್ತಾರೆ. ಸುರೇಖಾಳ ತಮ್ಮ ವಿಡಿಯೊ ತೆಗೆಯಲು ಮೊಬೈಲು ಹಿಡಿದು ನಿಂತಿದ್ದನಂತೆ. ಅಂಥ ವಿಡಿಯೊಗಳು ನಿಮಗೂ ಬರುತ್ತವಲ್ಲ, ಕೂಸು ಮೊದಲ ಸಲ ದನಿ ಕೇಳಿ ನಗುತ್ತದೆ, ಎಲ್ಲರೂ ಅಳುತ್ತಾರೆ. ಅವನ್ನೂ ನಂಬಬೇಡಿ. ನಗದ ಮಕ್ಕಳ ವಿಡಿಯೊವನ್ನು ಯಾರೂ ಕಳಿಸುವುದಿಲ್ಲ. ರೂಪಾ ಕಿಟಾರನೆ ಕಿರುಚಿ, ಮಷೀನು ಕಿತ್ತೆಸೆದು, ಅಜ್ಜಿಯ ಸೀರೆಯೊಳಗೆ ತಲೆ ತೂರಿಸಿದಳು. ಹುಟ್ಟಿದಾಗಿನಿಂದ ಇದ್ದ ಮೌನದ ಮೇಲೆ ಒಮ್ಮೆಗೇ ಸದ್ದು ಬಿದ್ದರೆ ಮತ್ತೇನಾಗಬೇಕು? ದಿನ ಕಳೆದ ಹಾಗೆ ಅಭ್ಯಾಸವಾಗುತ್ತದೆ. ಅಲ್ಲಿಯವರು, "ಜೋಪಾನವಾಗಿ ನೋಡ್ಕೊಳ್ಳಿ, ಸ್ನಾನ ನಿದ್ದೆ ಬಿಟ್ಟರೆ ಮಷೀನು ತೆಗೀಬೇಡಿ" ಎಂದು ಹೇಳಿ ಕಳಿಸಿದರು.

ಕೇಳುವುದು ಬಂದರೆ ಸಾಲದು, ಕೇಳಿದ್ದು ಏನೆಂದು ತಿಳಿಯಬೇಕು. ಅದನ್ನು ಕಲಿಸುವುದು ನಮ್ಮ ಕೆಲಸ. ಸುರೇಖಾ ವಾರ ವಾರ ರೂಪಾಳನ್ನು ಬೀದರಿಗೆ ಕರೆತರುತ್ತಿದ್ದಳು. ನಾನು ಮೇಜಿನ ಕೆಳಗೆ, ಅವಳಿಗೆ ಕಾಣದ ಹಾಗೆ ಡೋಲು ಬಾರಿಸುತ್ತಿದ್ದೆ, ಅವಳು ಕೇಳಿದಾಗ ಡಬ್ಬಿಗೆ ಒಂದು ಗೋಲಿ ಹಾಕಬೇಕು. ಕೆಲವು ವಾರ ಚೆನ್ನಾಗಿ ಹಾಕುತ್ತಿದ್ದಳು. ಕೆಲವು ವಾರ ಗೋಲಿ ಹಿಡಿದು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು, ಹಿಂದೆ ಕಲಿತದ್ದೂ ಮರೆತ ಹಾಗೆ. ತಿಂಗಳು ಉರುಳುತ್ತಿದ್ದವು, ಮಾತಿನ ಸುಳಿವಿರಲಿಲ್ಲ.

ನನಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಾಯಗಾಂವದ ತವರಿನಿಂದ ಬಂದ ವಾರ ಹುಡುಗಿ ಚುರುಕಾಗಿರುತ್ತಿದ್ದಳು. ಔರಾದದಿಂದ ಬಂದ ವಾರ ಮಂಕು. ಆಹಾ, ಸಿಕ್ಕಿತು ಎಂದುಕೊಂಡೆ. ಔರಾದದಲ್ಲಿ ಮುದುಕಿ ಮಷೀನು ತೆಗೆದಿಡುತ್ತಾಳೆ! ಸುರೇಖಾಳನ್ನು ಕೇಳಿದೆ. "ಇಲ್ರಿ ಮೇಡಂ, ಮುಂಜಾನೆ ಎದ್ದ ಕೂಡ್ಲೇ ಅತ್ತೀನೇ ಹಾಕ್ತಾರ" ಎಂದಳು. ಸೊಸೆ ಅತ್ತೆಯ ಮೇಲೆ ಚಾಡಿ ಹೇಳುವುದುಂಟೇ? ನಂಬಲಿಲ್ಲ. ಬ್ಯಾಟರಿ ಎಷ್ಟು ಸವೆದಿವೆ ಎಂದು ನೋಡಿದೆ, ಬರೋಬರ್ ಸವೆದಿದ್ದವು. ಮಷೀನು ಚಾಲೂ ಮಾಡಿ ಡಬ್ಬಿಯೊಳಗೆ ಇಡುತ್ತಿರಬೇಕು, ಜಾಣ ಮುದುಕಿ, ಎಂದು ಅದಕ್ಕೂ ಒಂದು ಅರ್ಥ ಹಚ್ಚಿದೆ. ಅನುಮಾನಕ್ಕೆ ಮದ್ದಿಲ್ಲ ಎನ್ನುವುದು ಸುಳ್ಳಲ್ಲ.

ಹೇಳದೆ ಕೇಳದೆ ಒಂದು ದಿನ ಔರಾದದ ಬಸ್ಸು ಹತ್ತಿದೆ. ಅವರ ಮನೆಯ ಮುಂದೆ ನಿಂತಾಗ ಯಾರೂ ನನ್ನನ್ನು ನೋಡಲಿಲ್ಲ. ರೂಪಾ ಅಂಗಳದಲ್ಲಿ ಕಾಳಿಗೆ ಒರಗಿ ಕೂತಿದ್ದಳು. ಕಿವಿಯ ಹಿಂದೆ ಮಷೀನು ಇತ್ತು. ಹತ್ತಿರ ಹೋಗಿ ದೀಪ ನೋಡಿದೆ, ಉರಿಯುತ್ತಿತ್ತು. ಅಯಸ್ಕಾಂತ ಸರಿಯಾಗಿ ಕೂತಿತ್ತು. ಹಿಡಿಯಲು ಬಂದ ಕಳ್ಳ ಸಿಗದೆ ನಾನು ಪೆಚ್ಚಾಗಿ ನಿಂತೆ.

ಆಗ ನನಗೆ ಏನೋ ಸರಿಯಿಲ್ಲ ಎನ್ನಿಸಿತು. ಒಳಗೆ ಸುರೇಖಾ ರೊಟ್ಟಿ ಮಾಡುತ್ತಿದ್ದಳು, ಆದರೆ ಬಡಿಯುವ ಸದ್ದಿಲ್ಲ, ಹಿಟ್ಟನ್ನು ಬೆರಳಿನಿಂದ ಒತ್ತಿ ಒತ್ತಿ ಹಿಗ್ಗಿಸುತ್ತಿದ್ದಳು. ಮೊದಲ ಸಲ ಬಂದಾಗ ಬೊಗಳಿದ್ದ ನಾಯಿ ಕಾಣಲಿಲ್ಲ. ಕಾಳಿಯ ಕೊರಳಲ್ಲಿ ಮೊದಲು ಒಂದು ಗಂಟೆ ಇತ್ತು, ಈಗ ಹಗ್ಗದ ಗುರುತು ಮಾತ್ರ ಇತ್ತು. ತಾರಾಬಾಯಿ ಕೊಟ್ಟಿಗೆಯಿಂದ ಬಂದವಳು ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗ ಮಾತಾಡ್ರಿ ಮೇಡಂ" ಎಂದು ಪಿಸುಗುಟ್ಟಿದಳು.

"ಯಾಕ? ಯಾರರೆ ಮಲಗ್ಯಾರೇನು?"

"ಕೂಸಿನ ಕಿವಿ ಹಸಿ ಅದಲ್ರಿ. ಬೆಂಗಳೂರಾಗ ಹ್ಯಾಂಗ ಚೀರಿದಳು, ನನ್ನ ಹೊಟ್ಯಾಗ ಬೆಂಕಿ ಬಿತ್ತು. ಜೋಪಾನ ಮಾಡ್ರಿ ಅಂದಾರ ಡಾಕ್ಟರು. ಹೊಸದಾಗಿ ಹುಟ್ಟಿದ ಮರೀನ ನಾವು ಸಪ್ಪಳ ಇಲ್ಲದ ಕಡೆ ಕಟ್ತೇವಿ, ಹಿಂಡಿನಾಗ ಬಿಡಂಗಿಲ್ಲ. ಹಂಗೇ ಈ ಕಿವಿ ಸೈತ. ನಾಯಿ ತಮ್ಮನ ಮನಿಗಿ ಬಿಟ್ಟು ಬಂದೀನಿ. ಗಂಟಿ ಬಿಚ್ಚೀನಿ. ಮನ್ಯಾಗ ಯಾರಿಗೂ ದನಿ ಎತ್ತಗೊಡಂಗಿಲ್ಲ. ಕೈಸನ್ನಿ ಮಾಡೇ ಮಾತಾಡ್ತೇವಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಷೀನು ದಿನವಿಡೀ ಚಾಲೂ, ಮನೆ ದಿನವಿಡೀ ಬಂದ್! ಸಾಯಗಾಂವದ ತವರುಮನೆಯ ಪಕ್ಕ ಹಿಟ್ಟಿನ ಗಿರಣಿ, ಮನೆ ತುಂಬ ಮಕ್ಕಳ ಗಲಾಟೆ. ಅಲ್ಲಿ ಹುಡುಗಿ ಕೇಳುತ್ತಿದ್ದಳು. ಇಲ್ಲಿ ಪ್ರೀತಿಯಿಂದ ಅವಳನ್ನು ಮತ್ತೆ ಕಿವುಡಿ ಮಾಡಿ ಕೂರಿಸಿದ್ದರು. ಸಿಟ್ಟು ಬಂತು, ಅಳು ಬಂತು, ಎರಡರ ನಡುವೆ ನಗುವೂ ಬಂತು.

"ತಾರಾಬಾಯಿ" ಎಂದು ಬೇಕೆಂದೇ ಗಟ್ಟಿಯಾಗಿ ಕರೆದೆ. ಅವಳು ಬೆಚ್ಚಿದಳು. "ಕಿವಿ ಈಗ ಹುಟ್ಟ್ಯಾದ, ಖರೆ. ನೀವು ಹೇಳಿದ್ದು ಬರೋಬರ್ ಅದ. ಲೇಕಿನ್ ಹುಟ್ಟಿದ ಮರೀಗಿ ಹಾಲು ಕುಡಸ್ತೀರೋ ಇಲ್ಲೋ?"

"ಕುಡಸ್ದೇ ಇರ್ತೇವೇನ್ರಿ?"

"ಈ ಕಿವೀಗಿ ಮಾತೇ ಹಾಲು. ನೀವು ಇಷ್ಟು ತಿಂಗಳಿಂದ ಉಪವಾಸ ಕೆಡವೀರಿ."

ತಾರಾಬಾಯಿ ನನ್ನನ್ನೇ ನೋಡಿದಳು. ಆ ಹೆಂಗಸು ಅಳುವುದನ್ನು ನಾನು ಅವತ್ತೇ ನೋಡಿದ್ದು, ಅದೂ ಸದ್ದಿಲ್ಲದೆ. "ನಾ ಹಂಗಂತ ತಿಳೀಲಿಲ್ರಿ ಯವ್ವಾ. ಯಾರೂ ಹೇಳಲಿಲ್ಲ" ಎಂದಳು. ಅವಳು ಹೇಳಿದ್ದು ನಿಜ. ಮಷೀನು ತೆಗೆಯಬೇಡಿ ಎಂದು ಎಲ್ಲರೂ ಹೇಳಿದ್ದೆವು. ಮಗುವಿನ ಜೊತೆ ಮಾತಾಡಿ ಎಂದು ಬೇರೆ ಹೇಳಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ. ಇನ್ನು ಮೇಲೆ ನೀವು ಮನೆಯವರಿಗೆ ಅದನ್ನೂ ಹೇಳಿ. ಮನೆಗೆ ಹೋಗಿ ಕೂತು, ಅಲ್ಲಿ ಏನು ಸದ್ದು ಇದೆ ಎಂದು ಕೇಳಿಸಿಕೊಂಡು ಬನ್ನಿ.

ಸೆರಗಿನಿಂದ ಮೂಗು ಒರೆಸಿಕೊಂಡು ಮುದುಕಿ ಒಳಗೆ ಹೋದಳು. "ಸುರೇಖಾ! ಏ ಸುರೇಖಾ! ರೊಟ್ಟಿ ಬಡಿಯೇ, ಕೈ ಸತ್ತಾವೇನು ನಿನ್ನವು?" ಎಂದು ಒದರಿದಳು. ಸುರೇಖಾ ಹೌಹಾರಿ, ಆಮೇಲೆ ನಗುತ್ತ ರೊಟ್ಟಿ ಬಡಿಯತೊಡಗಿದಳು. ನಾಯಿ ಅವತ್ತೇ ವಾಪಸು ಬಂತಂತೆ. ಗಂಟೆ ಕಾಳಿಯ ಕೊರಳಿಗೆ ನನ್ನ ಕಣ್ಣೆದುರೇ ಏರಿತು. ಕುರಿ ತಲೆ ಕೊಡವಿದಾಗ ರೂಪಾ ಹೆದರಿ ಹಿಂದೆ ಸರಿದಳು, ಅತ್ತಳು. "ಅಳಲಿ" ಎಂದೆ. ತಾರಾಬಾಯಿ ಹಲ್ಲು ಕಚ್ಚಿಕೊಂಡು ನಿಂತಳು.

ಅವತ್ತಿನಿಂದ ಆ ಮನೆಯಲ್ಲಿ ಸುಮ್ಮನಿರುವವರು ಯಾರೂ ಇರಲಿಲ್ಲ. ಮುದುಕಿ ಕುರಿಗೆ ಮೇವು ಹಾಕುವಾಗ ಮೇವಿನ ಹೆಸರು ಹೇಳುತ್ತಿದ್ದಳು, ನೀರು ಸೇದುವಾಗ ನೀರು ಎನ್ನುತ್ತಿದ್ದಳು, ಸೊಸೆಯನ್ನು ಬೈಯುವಾಗಲೂ ರೂಪಾಳ ಕಡೆ ಮುಖ ಮಾಡಿ ಬೈಯುತ್ತಿದ್ದಳು. "ನನಗ ಬೈಯೋದ್ರಾಗ ಸೈತ ಪಾಠ ನಡದದ್ರಿ" ಎಂದು ಸುರೇಖಾ ಬೀದರಿಗೆ ಬಂದಾಗ ನಕ್ಕು ಹೇಳುತ್ತಿದ್ದಳು. ಡಬ್ಬಿಗೆ ಗೋಲಿ ಬೀಳತೊಡಗಿದವು. ಬಾಯಿಂದ ಆ, ಊ ಎಂದು ಏನೇನೋ ಹೊರಟಿತು. ಆದರೆ ಮಾತು ಎನ್ನುವಂಥ ಮಾತು ಇನ್ನೂ ಬಂದಿರಲಿಲ್ಲ. ಸುರೇಖಾ ದಿನಾ ಅವ್ವಾ ಅವ್ವಾ ಎಂದು ಹೇಳಿಕೊಡುತ್ತಿದ್ದಳು, ಹುಡುಗಿ ಅವಳ ತುಟಿ ನೋಡಿ ನಕ್ಕು ಓಡುತ್ತಿದ್ದಳು.

ನಾನು ನಿವೃತ್ತಿಯಾಗುವ ಕೆಲವು ದಿನ ಮೊದಲು ಔರಾದಕ್ಕೆ ಕಡೆಯ ಸಲ ಹೋದೆ. ತಾರಾಬಾಯಿಗೆ ಅವತ್ತು ನನ್ನೆದುರು ಪರೀಕ್ಷೆ ಮಾಡಿ ತೋರಿಸುವ ಹುಮ್ಮಸ್ಸು.

"ನೋಡ್ರಿ, ಈಗ ಕರದ್ರ ತಿರಗ್ತಾಳ" ಎಂದಳು.

"ಕುರಿ ಬಾಜೂಕ ಇದ್ರ ನಾ ನಂಬಂಗಿಲ್ಲ" ಎಂದೆ.

"ನಾನೂ ನಂಬಂಗಿಲ್ಲ, ತಡೀರಿ" ಎಂದು ಕಾಳಿಯ ಹಗ್ಗ ಹಿಡಿದು ಎಳೆದುಕೊಂಡು ಕೊಟ್ಟಿಗೆಯ ಗೋಡೆಯ ಹಿಂದೆ ಹೋದಳು. ಅಲ್ಲಿ ಕಟ್ಟಿ, ಅಲ್ಲಿಂದಲೇ ಕರೆಯುವುದು ಎಂದು ನಮ್ಮ ಕರಾರು.

ರೂಪಾ ನಮ್ಮ ಕಡೆ ಮುಖ ಮಾಡಿ, ಗೋಡೆಗೆ ಬೆನ್ನು ಹಾಕಿ ಮಣ್ಣಿನಲ್ಲಿ ಆಡುತ್ತಿದ್ದಳು. ನಾನು ರೂಢಿಯಂತೆ ಸುತ್ತ ನೋಡಿದೆ. ಮೋಡ ಮುಚ್ಚಿತ್ತು, ನೆರಳಿಲ್ಲ. ಎಲೆ ಅಲುಗುತ್ತಿರಲಿಲ್ಲ, ಗಾಳಿ ಇಲ್ಲ. ಸುರೇಖಾ ನನ್ನ ಪಕ್ಕ, ಹುಡುಗಿಯಿಂದ ದೂರ ನಿಂತಿದ್ದಳು, ತೊಡೆ ಇಲ್ಲ. ಕುರಿಯೂ ಇಲ್ಲ. ಗೋಡೆಯ ಆಚೆ ಕಾಳಿ ತಲೆ ಕೊಡವಿರಬೇಕು, ಗಂಟೆ ಒಮ್ಮೆ ಗಣ್ ಎಂದಿತು.

ರೂಪಾಳ ಕೈ ಮಣ್ಣಿನಲ್ಲೇ ನಿಂತಿತು. ತಲೆ ಎತ್ತಿದಳು. ತಿರುಗಿ ಗೋಡೆಯ ಕಡೆ ನೋಡಿದಳು. ಬೆರಳು ಮಾಡಿ ತೋರಿಸಿ, "ಆಳೀ!" ಎಂದಳು. ಆಮೇಲೆ ಇನ್ನೊಮ್ಮೆ, ಗಟ್ಟಿಯಾಗಿ, "ಆಳೀ!"

ಸುರೇಖಾ ನನ್ನ ರಟ್ಟೆ ಹಿಡಿದಳು. "ಹೆತ್ತಾಕಿ ನಾ ಇಲ್ಲಿ ನಿಂತೀನಿ, ಹೆಸರು ಕುರೀದು ಹಿಡದಾಳ ನೋಡ್ರಿ" ಎಂದು ಅಳುತ್ತ ನಗತೊಡಗಿದಳು. ನಾನು ನೆರಳು, ಗಾಳಿ, ತೊಡೆ ಎಂದು ಮತ್ತೊಮ್ಮೆ ಹುಡುಕಿದೆ. ಅನುಮಾನಪಡಲು ಏನೂ ಸಿಗಲಿಲ್ಲ. ಕಣ್ಣು ಮಂಜಾಗಿ ಕನ್ನಡಕ ತೆಗೆದೆ.

ಗೋಡೆಯ ಹಿಂದಿನಿಂದ ತಾರಾಬಾಯಿಯ ದನಿ ಬಂತು: "ಯಾಕ್ರಿ, ಏನಾಯ್ತು? ಯಾಕ ಗದ್ದಲ? ನಾ ಇನ್ನಾ ಕರದೇ ಇಲ್ಲಲ್ರಿ!"

"ನೀವು ಕರೀಬ್ಯಾಡ್ರಿ ಅತ್ತಿ" ಎಂದು ಸುರೇಖಾ ಕೂಗಿದಳು, "ಆಕೀನೇ ಕರದಾಳ."